ಜೇಬಿನ ಆಪತ್ಕಾಲದ ಡಬ್ಬಿ: ಮಲೆನಾಡಿನ ಚಾರಣಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಾರ ಪರ್ವತ, ಕುದುರೆಮುಖ, ಕೊಡಚಾದ್ರಿಗಳಂಥ ಬೆಟ್ಟಗಳನ್ನು ಹತ್ತುವವರು ದಾರಿ ತಪ್ಪಿದರೆ, ನಡುದಾರಿಯಲ್ಲೇ ಕತ್ತಲಾದರೆ ಅಥವಾ ಗುಂಪಿನಿಂದ ಬೇರೆಯಾದರೆ, ಮರುದಿನ ಬೆಳಗಾಗುವವರೆಗೆ ನೆರವಾಗುವ ಕೆಲವು ಚಿಕ್ಕ ವಸ್ತುಗಳನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಯಾವ ವಸ್ತುಗಳು ಬೇಕೆಂಬ ಪಟ್ಟಿ ಎಲ್ಲ ಕಡೆಯೂ ಸಿಗುತ್ತದೆ. ಅವುಗಳನ್ನು ಯಾವುದರಲ್ಲಿ ಇಡಬೇಕು ಎಂಬುದಕ್ಕೆ ಸಿಗುವ ಸಲಹೆಗಳು ಮಾತ್ರ ಬಹುಮಟ್ಟಿಗೆ ಹೊರನಾಡುಗಳ ಹವೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೇಳಿದವು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಊರಿನ ಸುತ್ತಮುತ್ತ ನಡೆಯುವವರಿಗೆ ಡಬ್ಬಿಯ ಆಯ್ಕೆ ಬೇರೆಯೇ ಆಗಬೇಕಾಗುತ್ತದೆ. ಇಲ್ಲಿನ ಉತ್ತರಗಳೆಲ್ಲವೂ ಸಹ್ಯಾದ್ರಿಯ ಮಳೆಯನ್ನು ಮುಂದಿಟ್ಟುಕೊಂಡು ಬರೆದವು.

ಬೆನ್ನಿನ ಚೀಲದಲ್ಲಿ ಎಲ್ಲವೂ ಇರುವಾಗ ಜೇಬಿಗೆ ಬೇರೆ ಡಬ್ಬಿ ಏಕೆ?

ಆಪತ್ತು ಬಂದ ಹೊತ್ತಿಗೆ ಬೆನ್ನಿನ ಚೀಲ ಬೆನ್ನ ಮೇಲೆ ಇರುತ್ತದೆ ಎಂಬ ಖಾತರಿ ಇಲ್ಲ. ಹಳ್ಳ ದಾಟುವಾಗ ಅದು ಕೊಚ್ಚಿಹೋಗಬಹುದು, ಶಿಖರ ಇನ್ನು ಹತ್ತಿರವೇ ಇದೆಯೆಂದು ಅದನ್ನು ಕೆಳಗೆ ಬಿಟ್ಟು ಹತ್ತಿರಬಹುದು, ಅಥವಾ ದಣಿದವರ ಚೀಲವನ್ನು ಗೆಳೆಯರು ಹೊತ್ತುಕೊಂಡು ಮುಂದೆ ಹೋಗಿರಬಹುದು. ಜೇಬಿನ ಡಬ್ಬಿ ಚೀಲಕ್ಕೆ ಬದಲಿಯಲ್ಲ. ಚೀಲ ಇಲ್ಲದ ಹೊತ್ತಿಗೆ ಮೈಮೇಲೆ ಉಳಿಯುವ ಕನಿಷ್ಠ ಸಾಮಗ್ರಿ. ಆದ್ದರಿಂದ ಡಬ್ಬಿಯನ್ನು ಅಳೆಯುವ ಮೊದಲ ಮಾನದಂಡ ಅದು ಎಷ್ಟು ಹಿಡಿಸುತ್ತದೆ ಎಂಬುದಲ್ಲ, ದಿನವಿಡೀ ಜೇಬಿನಲ್ಲಿ ಕಿರಿಕಿರಿಯಿಲ್ಲದೆ ಕೂರುತ್ತದೆಯೇ ಎಂಬುದು. ತೊಡೆಗೆ ಚುಚ್ಚುವ ಡಬ್ಬಿ ಅರ್ಧ ದಾರಿಯಲ್ಲೇ ಚೀಲ ಸೇರಿಬಿಡುತ್ತದೆ.

ಮೊದಲು ಡಬ್ಬಿ ಕೊಳ್ಳಬೇಕೇ, ಸಾಮಾನು ಕೂಡಿಸಬೇಕೇ?

ಸಾಮಾನನ್ನು ಮೊದಲು ಕೂಡಿಸುವುದು ಒಳ್ಳೆಯದು. ಚೆಂದದ ಡಬ್ಬಿಯನ್ನು ಕೊಂಡು ಅದನ್ನು ತುಂಬಿಸಲು ಹೊರಟವರು ಮೀನಿನ ಗಾಳ, ಬಲೆಯ ತಂತಿ ಎಂದೆಲ್ಲ ನಮ್ಮ ಕಾಡಿನಲ್ಲಿ ಒಂದು ರಾತ್ರಿಗೆ ಬೇಕಿಲ್ಲದ ಸಾಮಾನನ್ನು ಸೇರಿಸುತ್ತ ಹೋಗುತ್ತಾರೆ. ಬೆಂಕಿಕಡ್ಡಿ ಅಥವಾ ಚಿಕ್ಕ ಲೈಟರ್, ಬೆಂಕಿ ಹಿಡಿಸುವ ಒಂದಿಷ್ಟು ಸಾಮಗ್ರಿ, ನೀರು ಶುದ್ಧಮಾಡುವ ಕ್ಲೋರಿನ್ ಮಾತ್ರೆ, ಗುಂಡಿ ಬ್ಯಾಟರಿಯ ಪುಟ್ಟ ದೀಪ, ಸೂಜಿ, ಗಟ್ಟಿ ದಾರ, ಎರಡು ಪಿನ್ನು, ಗಾಯದ ಪಟ್ಟಿ, ತಾವು ಎಂದಿನಂತೆ ತೆಗೆದುಕೊಳ್ಳುವ ಮಾತ್ರೆಯ ಒಂದು ದಿನದ ಪ್ರಮಾಣ, 200 ಮಿಲಿಲೀಟರ್ ನೀರಿಗೆ ಬೆರೆಸುವ ಓಆರ್‌ಎಸ್‌ನ ಚಿಕ್ಕ ಪೊಟ್ಟಣ, ಮಡಚಿದ ತೆಳು ಪ್ಲಾಸ್ಟಿಕ್ ಚೀಲ: ಇಷ್ಟನ್ನು ಮೇಜಿನ ಮೇಲೆ ಹರಡಿ, ಕೈಯಿಂದ ಒತ್ತಾಗಿ ಕೂಡಿಸಿ, ಆ ರಾಶಿಯ ಉದ್ದ, ಅಗಲ, ಎತ್ತರವನ್ನು ಸ್ಕೇಲಿನಿಂದ ಅಳೆದುಕೊಂಡು ಅಂಗಡಿಗೆ ಹೋದರೆ ಆಯ್ಕೆ ಸುಲಭವಾಗುತ್ತದೆ.

ಒಂದು ಲೀಟರಿಗೆ ಬೆರೆಸುವ ಓಆರ್‌ಎಸ್‌ನ ದೊಡ್ಡ ಪೊಟ್ಟಣದಲ್ಲಿ ಸುಮಾರು 21 ಗ್ರಾಂ ಪುಡಿ ಇರುತ್ತದೆ. ಅದೊಂದೇ ಚಿಕ್ಕ ಡಬ್ಬಿಯ ದೊಡ್ಡ ಪಾಲನ್ನು ನುಂಗುವುದರಿಂದ ಜೇಬಿಗೆ ಚಿಕ್ಕ ಪೊಟ್ಟಣವೇ ಸರಿ.

ಅಳತೆ ಎಷ್ಟಿರಬೇಕು?

ಹೊರನಾಡುಗಳಲ್ಲಿ ಈ ಕೆಲಸಕ್ಕೆ ಹೆಸರಾದ ಆಲ್ಟಾಯ್ಡ್ಸ್ ಪೆಪ್ಪರ್‌ಮೆಂಟ್ ಡಬ್ಬಿ ಸುಮಾರು 95 ಮಿಲಿಮೀಟರ್ ಉದ್ದ, 60 ಮಿಲಿಮೀಟರ್ ಅಗಲ, 20 ಮಿಲಿಮೀಟರಿಗೆ ತುಸು ಹೆಚ್ಚು ದಪ್ಪ ಇರುತ್ತದೆ. ಅಂದರೆ ಒಳಗಿನ ಜಾಗ 100 ಮಿಲಿಲೀಟರಿನ ಆಸುಪಾಸು. ಮೇಲಿನ ಪಟ್ಟಿಯ ಸಾಮಾನು ಹಿಡಿಯಲು 100ರಿಂದ 200 ಮಿಲಿಲೀಟರ್ ಜಾಗ ಸಾಕು. ಉದ್ದ ಅಗಲಗಳಿಗಿಂತ ದಪ್ಪದ ಕಡೆಗೆ ಹೆಚ್ಚು ಗಮನ ಕೊಡಬೇಕು: 30 ಮಿಲಿಮೀಟರ್ ಮೀರಿದ ಡಬ್ಬಿ ಕುಳಿತಾಗ, ಬಾಗಿದಾಗ, ಬಂಡೆ ಹತ್ತುವಾಗ ಕಾಡುತ್ತದೆ. ತುಂಬಿದ ಡಬ್ಬಿಯ ತೂಕ 150 ಗ್ರಾಂ ದಾಟಿದರೆ ಅಂಗಿಯ ಜೇಬು ಜೋತುಬೀಳುತ್ತದೆ.

ಎಲ್ಲರೂ ತಗಡಿನ ಪೆಪ್ಪರ್‌ಮೆಂಟ್ ಡಬ್ಬಿಯನ್ನೇ ತೋರಿಸುತ್ತಾರಲ್ಲ, ಅದೇಕೆ ಬೇಡ?

ಬೇಡವೆಂದೇನೂ ಅಲ್ಲ, ನಮ್ಮ ಮಳೆಗಾಲಕ್ಕೆ ಅದು ಹೇಳಿಸಿದ್ದಲ್ಲ. ಇದರ ಬೇರು ಬ್ರಿಟಿಷ್ ಸೈನಿಕರ ತಂಬಾಕಿನ ಡಬ್ಬಿಯಲ್ಲಿದೆ. ಜೇಬಿಗೆ ಹೊಂದುವ, ಖರ್ಚಿಲ್ಲದೆ ಸಿಗುವ, ಒಳಮೈ ಹೊಳೆಯುವುದರಿಂದ ಬಿಸಿಲನ್ನು ಪ್ರತಿಫಲಿಸಿ ಸನ್ನೆ ಮಾಡಬಹುದಾದ, ಬೇಕೆಂದರೆ ಕೆಂಡದ ಮೇಲೂ ಇಡಬಹುದಾದ ಡಬ್ಬಿ ಅದು. ಇಷ್ಟು ಗುಣಗಳು ಒಂದರಲ್ಲೇ ಕೂಡಿದ್ದರಿಂದ ಅದಕ್ಕೆ ಹೆಸರು ಬಂದಿದೆ.

ಆದರೆ ಅದರ ಮುಚ್ಚಳಕ್ಕೆ ವಾಷರ್ ಇಲ್ಲ. ಹಿಂಬದಿಯ ಕೀಲಿನ ಬಳಿ ತಗಡಿನಲ್ಲಿ ಸೀಳುಗಳೇ ಇರುತ್ತವೆ. ಡಬ್ಬಿಯ ಉಕ್ಕಿನ ತಗಡಿನ ಮೇಲೆ ತವರದ ತೆಳು ಲೇಪವಿದ್ದು, ಗೀರು ಬಿದ್ದಲ್ಲಿ, ಮಡಿಕೆಯ ಅಂಚಿನಲ್ಲಿ, ಕೀಲು ತಿಕ್ಕುವ ಜಾಗದಲ್ಲಿ ಆ ಲೇಪ ಹೋದೊಡನೆ ತುಕ್ಕು ಆರಂಭವಾಗುತ್ತದೆ. ಬೆವರಿನ ಉಪ್ಪು ಅದನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಜುಲೈ ತಿಂಗಳಿನಲ್ಲಿ ಕುದುರೆಮುಖದ ದಾರಿಯಲ್ಲಿ ನಡೆಯುವವರ ಜೇಬು ಬೆಳಗಿನಿಂದ ಸಂಜೆಯವರೆಗೆ ಒದ್ದೆಯೇ ಇರುತ್ತದೆ. ವಾಷರಿಲ್ಲದ ಡಬ್ಬಿಯಲ್ಲಿನ ಬೆಂಕಿಕಡ್ಡಿ ಆ ಹೊತ್ತಿಗೆ ಕೆಲಸಕ್ಕೆ ಬಾರದಂತಾಗಿರುತ್ತದೆ.

ಯುದ್ಧಕಾಲದಲ್ಲೂ ಈ ಬದಲಾವಣೆ ಆಗಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಎಂಐ9 ಎಂಬ ಗುಪ್ತ ವಿಭಾಗ, ಶತ್ರುನೆಲದಲ್ಲಿ ಇಳಿಯಬೇಕಾಗಿ ಬಂದ ವೈಮಾನಿಕರಿಗಾಗಿ ಜೇಬಿನ ಪೆಟ್ಟಿಗೆಗಳನ್ನು ರೂಪಿಸಿತು. ಮೊದಮೊದಲು ಅದು ಬಳಸಿದ್ದು ಸಿಗರೇಟಿನ ಚಪ್ಪಟೆ ತಗಡಿನ ಡಬ್ಬಿಗಳನ್ನು. ಮುಂದೆ ಅವುಗಳ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಗಳು ಬಂದವು.

ತಗಡಿನ ಡಬ್ಬಿಯೇ ಬೇಕೆನ್ನುವವರು ಅಂಚಿನ ಸುತ್ತ ವಿದ್ಯುತ್ ಕೆಲಸದವರು ಬಳಸುವ ಇನ್ಸುಲೇಷನ್ ಟೇಪನ್ನು ಎರಡು ಸುತ್ತು ಬಿಗಿಯಾಗಿ ಎಳೆದು ಸುತ್ತಿ, ಅದರ ಮೇಲೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಅಗಲವಾದ ರಬ್ಬರ್ ಪಟ್ಟಿಯನ್ನು ಹಾಕಬಹುದು. ಟ್ಯೂಬಿನ ರಬ್ಬರಿಗೆ ಇನ್ನೊಂದು ಉಪಯೋಗವೂ ಇದೆ: ಚಿಕ್ಕ ತುಂಡುಗಳಾಗಿ ಕತ್ತರಿಸಿದರೆ ಒದ್ದೆಯಾಗಿದ್ದಾಗಲೂ, ಹೊಗೆ ಕಾರುತ್ತಲಾದರೂ, ಹತ್ತಿ ಉರಿಯುತ್ತದೆ. ಟೇಪು ಸುತ್ತಿದ ಡಬ್ಬಿ ಮಳೆಯನ್ನು ತಡೆದೀತು, ಆದರೆ ನೀರಿನಲ್ಲಿ ಮುಳುಗಿದರೆ ತಡೆಯುತ್ತದೆಂದು ನಂಬುವಂತಿಲ್ಲ.

ಲೋಹದ ಡಬ್ಬಿಯಲ್ಲಿ ನೀರು ಕುದಿಸಬಹುದಲ್ಲವೇ?

ಲೋಹದ ಪರವಾಗಿ ಎಲ್ಲರೂ ಮೊದಲು ಹೇಳುವ ವಾದ ಇದು. ನನ್ನ ದೃಷ್ಟಿಯಲ್ಲಿ ಮಲೆನಾಡಿನ ಮಟ್ಟಿಗೆ ಬಹಳ ದುರ್ಬಲವಾದ ವಾದವೂ ಇದೇ. ನೂರು ಮಿಲಿಲೀಟರಿನ ಡಬ್ಬಿಯಲ್ಲಿ ಕೀಲಿನ ಸೀಳಿಗಿಂತ ಕೆಳಗಿನ ಮಟ್ಟದವರೆಗೆ ಮಾತ್ರ ನೀರು ತುಂಬಬಹುದು. ಅಂದರೆ ಸಿಗುವುದು ಎಂಬತ್ತು ಮಿಲಿಲೀಟರಿನಷ್ಟು. ಒಂದು ಲೀಟರ್ ನೀರಿಗೆ ಹನ್ನೆರಡು ಹದಿಮೂರು ಬಾರಿ ಕುದಿಸಬೇಕು. ಸುರಿಯುವ ಮಳೆಯಲ್ಲಿ, ಒಣ ಸೌದೆಯೇ ಸಿಗದ ಜಾಗದಲ್ಲಿ ಅಷ್ಟು ಹೊತ್ತು ಬೆಂಕಿ ಕಾಯುವ ಬದಲು, ಹರಡಿದ ಪ್ಲಾಸ್ಟಿಕ್ ಹಾಳೆಯಿಂದ ಮಳೆನೀರು ಹಿಡಿಯುವುದು ಅಥವಾ ಝರಿಯ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಬಿಡುವುದು ಬುದ್ಧಿವಂತಿಕೆ.

ಕುದಿಸಲೇಬೇಕಾಗಿ ಬಂದರೆ ಕೆಲವು ಸಂಗತಿಗಳು ಗೊತ್ತಿರಬೇಕು. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನೀರು ಇರುವಷ್ಟು ಭಾಗ ನೂರರ ಆಸುಪಾಸಿನಲ್ಲೇ ಇರುತ್ತದೆಯಾದರೂ ನೀರಿನ ಮಟ್ಟಕ್ಕಿಂತ ಮೇಲಿನ ಅಂಚು ಬಲು ಬೇಗ ಆ ಬಿಸಿಯನ್ನು ದಾಟುತ್ತದೆ; ಹೊರಗಿನ ಬಣ್ಣ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಆದ್ದರಿಂದ ಕುದಿಸುವ ಉದ್ದೇಶವಿದ್ದವರು ಬಣ್ಣವಿಲ್ಲದ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಯನ್ನೇ ಆರಿಸಬೇಕು ಮತ್ತು ಬೆಂಕಿಗೆ ಇಡುವ ಮೊದಲು ಮುಚ್ಚಳವನ್ನೂ ವಾಷರನ್ನೂ ತೆಗೆದಿಡಬೇಕು. ಮುಚ್ಚಿದ ಡಬ್ಬಿಯನ್ನು ಎಂದಿಗೂ ಬೆಂಕಿಗೆ ಇಡಬಾರದು, ಅದು ಸಿಡಿಯುತ್ತದೆ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ ಎಂಬುದು ನಿಜ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯಲ್ಲಿ, ಅಂದರೆ ಸುಮಾರು 1,930 ಮೀಟರಿನಲ್ಲಿ, ಅದು 94 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ರೋಗಾಣುಗಳನ್ನು ಕೊಲ್ಲಲು ಅಷ್ಟು ಬಿಸಿ ಸಾಲುತ್ತದೆ. ನೀರು ಕೊತಕೊತನೆ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ಆಯಿತು. ಸುಮಾರು 2,000 ಮೀಟರಿಗಿಂತ ಮೇಲೆ, ಉದಾಹರಣೆಗೆ ಹಿಮಾಲಯದ ಚಾರಣದಲ್ಲಿ, ಮೂರು ನಿಮಿಷ ಕುದಿಸಬೇಕೆಂಬುದು ಆರೋಗ್ಯ ಸಂಸ್ಥೆಗಳ ಸಲಹೆ.

ಪ್ಲಾಸ್ಟಿಕ್ ಆದರೆ ಯಾವ ಪ್ಲಾಸ್ಟಿಕ್?

ಡಬ್ಬಿಯ ತಳದಲ್ಲಿ ತ್ರಿಕೋನದ ಒಳಗೆ ಒಂದು ಅಂಕಿ ಇರುತ್ತದೆ. 5 ಎಂದಿದ್ದರೆ ಪಾಲಿಪ್ರೊಪಿಲೀನ್, 2 ಎಂದಿದ್ದರೆ ಹೆಚ್ಚು ಸಾಂದ್ರತೆಯ ಪಾಲಿಥೀನ್. ಇವೆರಡೂ ಬಾಗಿ ಚೇತರಿಸಿಕೊಳ್ಳುತ್ತವೆ, ಬಿದ್ದರೆ ಸುಲಭಕ್ಕೆ ಒಡೆಯುವುದಿಲ್ಲ, ಔಷಧಿ ಮತ್ತು ಎಣ್ಣೆಗಳಿಗೆ ಜಗ್ಗುವುದಿಲ್ಲ. 6 ಎಂದಿರುವ ಪಾಲಿಸ್ಟೈರೀನ್ ಬಂಡೆಗೆ ತಾಗಿದರೆ ಬಿರುಕು ಬಿಡುವಂಥದ್ದು, ಅದನ್ನು ಮುಟ್ಟಬಾರದು. ಗಾಜಿನಂತೆ ಸ್ವಚ್ಛವಾಗಿ ಕಾಣುವ ಪಾಲಿಕಾರ್ಬೊನೇಟ್ ಪೆಟ್ಟಿಗೆಗಳು ಹೊಡೆತಕ್ಕೆ ಜಗ್ಗುವುದಿಲ್ಲವಾದರೂ ಅವಕ್ಕೆ ಒಂದು ಶತ್ರು ಇದೆ: ಸೊಳ್ಳೆ ಮತ್ತು ಇಂಬಳಗಳನ್ನು ದೂರವಿಡಲು ಬಳಸುವ ಕೆಲವು ದ್ರಾವಣಗಳಲ್ಲಿನ ಡೀಟ್ ಎಂಬ ರಾಸಾಯನಿಕ. ಅದು ಪಾಲಿಕಾರ್ಬೊನೇಟ್, ಪಾಲಿಸ್ಟೈರೀನ್ ಮುಂತಾದ ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಇಂಬಳದ ಕಾಟ ತಡೆಯಲು ಕೈಕಾಲಿಗೆಲ್ಲ ಅದನ್ನು ಬಳಿದುಕೊಂಡು ಅದೇ ಕೈಯಲ್ಲಿ ಡಬ್ಬಿ ಹಿಡಿಯುವ ಮಲೆನಾಡಿನ ಚಾರಣಿಗರಿಗೆ ಇದು ದೂರದ ಸಾಧ್ಯತೆಯೇನಲ್ಲ. ಪಾಲಿಪ್ರೊಪಿಲೀನಿಗೆ ಈ ತೊಂದರೆ ಇಲ್ಲ.

‘ವಾಟರ್‌ಪ್ರೂಫ್’ ಎಂದು ಬರೆದಿದ್ದರೆ ಸಾಕೇ?

ಸಾಲದು. ಆ ಪದದ ಪಕ್ಕದಲ್ಲಿ ಐಪಿಎಕ್ಸ್7 ಅಥವಾ ಐಪಿ67 ಎಂಬ ಗುರುತು ಇದ್ದರೆ ಅದಕ್ಕೆ ನಿಶ್ಚಿತವಾದ ಅರ್ಥವಿದೆ: ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಮೂವತ್ತು ನಿಮಿಷ ಇಟ್ಟರೂ ಹಾನಿಯಾಗುವಷ್ಟು ನೀರು ಒಳಹೋಗಬಾರದು. ಗುರುತಿಲ್ಲದ ಬರಹವನ್ನು ಮಾರುವವರ ಭರವಸೆ ಎಂದಷ್ಟೇ ತಿಳಿಯಬೇಕು. ಗುರುತಿದ್ದರೂ ಅದು ಹೊಸ ಡಬ್ಬಿಗೆ, ಸ್ವಚ್ಛವಾದ ವಾಷರಿಗೆ ಸಲ್ಲುವ ಮಾತು. ವಾಷರಿನ ಮೇಲೆ ಒಂದು ಎಳೆ ದಾರ ಅಥವಾ ತಲೆಗೂದಲು ಸಿಕ್ಕಿಕೊಂಡರೆ ಸಾಕು, ನೀರಿಗೆ ದಾರಿಯಾಗುತ್ತದೆ.

ಮನೆಯಲ್ಲೇ ಪರೀಕ್ಷಿಸುವುದು ಕಷ್ಟವಲ್ಲ. ಖಾಲಿ ಡಬ್ಬಿಯೊಳಗೆ ಒಣಗಿದ ಟಿಶ್ಯೂ ಕಾಗದವನ್ನೂ, ಮುಳುಗುವಷ್ಟು ಭಾರಕ್ಕೆ ಒಂದೆರಡು ಕಲ್ಲನ್ನೂ ಇಟ್ಟು ಮುಚ್ಚಿ, ತುಂಬಿದ ಬಕೆಟ್ಟಿನ ತಳದಲ್ಲಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಹೊರಮೈಯನ್ನು ಪೂರ್ತಿ ಒರೆಸಿದ ನಂತರವೇ ತೆರೆಯಬೇಕು, ಇಲ್ಲದಿದ್ದರೆ ಅಂಚಿನ ಹನಿ ಒಳಗೆ ಬಿದ್ದು ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತದೆ. ಇದಕ್ಕಿಂತ ಕಠಿಣವಾದ ಪರೀಕ್ಷೆಯೂ ಇದೆ. ಮುಚ್ಚಿದ ಡಬ್ಬಿಯನ್ನು ಮೊದಲು ಕೈ ತಾಳುವಷ್ಟು ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಬೇಕು. ಒಳಗಿನ ಗಾಳಿ ಹಿಗ್ಗುವುದರಿಂದ ಎಲ್ಲಿ ಸಂದಿದೆಯೋ ಅಲ್ಲಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ. ಕೂಡಲೇ ಅದನ್ನು ತಣ್ಣೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳಲು ನೋಡುತ್ತದೆ. ಮೈಬಿಸಿಗೆ, ಬಿಸಿಲಿಗೆ ಕಾದ ಡಬ್ಬಿಯೊಂದಿಗೆ ನಾವು ಹಳ್ಳಕ್ಕೆ ಇಳಿದಾಗ ಆಗುವುದೂ ಇದೇ. ನಿಂತ ನೀರಿನಲ್ಲಿ ಗೆದ್ದ ಡಬ್ಬಿಗಳು ಇಲ್ಲಿ ಸೋಲುವುದುಂಟು.

ಮಳೆಗಾಲದಲ್ಲಿ ಮುಚ್ಚಿದರೆ ಒಳಗೇ ತೇವ ಉಳಿಯುವುದಿಲ್ಲವೇ? ತೇವ ಹೀರುವ ಸಿಲಿಕಾ ಜೆಲ್ ಹಾಕಬೇಕೇ?

ಒಳಗೆ ಸಿಕ್ಕಿಕೊಂಡ ಗಾಳಿಯ ತೇವಕ್ಕೆ ಹೆದರಬೇಕಾಗಿಲ್ಲ. ಮೂವತ್ತು ಡಿಗ್ರಿ ಬಿಸಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿಯಲ್ಲೂ ಒಂದು ಘನ ಮೀಟರಿಗೆ ಇರುವ ನೀರು ಸುಮಾರು 30 ಗ್ರಾಂ. ಆ ಲೆಕ್ಕದಲ್ಲಿ ನೂರು ಮಿಲಿಲೀಟರಿನ ಡಬ್ಬಿಯೊಳಗಿನ ಗಾಳಿಯಲ್ಲಿ ಇರುವುದು ಮೂರು ಮಿಲಿಗ್ರಾಂ, ಅಂದರೆ ಒಂದು ಹನಿಗಿಂತ ಎಷ್ಟೋ ಕಡಿಮೆ. ತೊಂದರೆ ಬರುವುದು ಒಳಗಿಡುವ ವಸ್ತುಗಳಿಂದ. ಹತ್ತಿ, ದಾರ, ಕಾಗದ, ಬೆಂಕಿಕಡ್ಡಿಯ ಮರ ಇವೆಲ್ಲವೂ ಮಳೆಗಾಲದ ಗಾಳಿಯಿಂದ ಹೀರಿಕೊಂಡ ತೇವವನ್ನು ತಮ್ಮೊಳಗೆ ಹೊತ್ತು ತರುತ್ತವೆ. ಅವುಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿಕೊಂಡು ತುಂಬಬೇಕು. ಬೆಂಕಿಕಡ್ಡಿ ಮತ್ತು ಲೈಟರನ್ನು ಮಾತ್ರ ಬಿಸಿಲಿಗೂ ಬಿಸಿಗೂ ಒಡ್ಡದೆ, ಬೇಸಿಗೆಯಲ್ಲೇ ಹೊಸ ಪೊಟ್ಟಣದಿಂದ ತೆಗೆದು ತುಂಬುವುದು ಕ್ಷೇಮ.

ಸಿಲಿಕಾ ಜೆಲ್‌ನ ಒಂದು ಪುಟ್ಟ ಪೊಟ್ಟಣ ಹಾಕಿದರೆ ಒಳ್ಳೆಯದೇ. ನೀಲಿ ಹರಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣ ಇರುವುದರಿಂದ, ಮಾತ್ರೆಗಳ ಜೊತೆ ಇಡಲು ಬಿಳಿಯದನ್ನೇ ಆರಿಸಬೇಕು. ಅಕ್ಕಿಕಾಳು ಹಾಕುವ ರೂಢಿ ಉಪ್ಪಿನ ಡಬ್ಬಿಗೆ ಸರಿ, ಇಲ್ಲಿ ಅದು ಜಾಗಕ್ಕೆ ದಂಡ.

ಮನೆಯಲ್ಲೇ ಇರುವ ಡಬ್ಬಿಗಳಲ್ಲಿ ಯಾವುದು ಆಗುತ್ತದೆ?

ಹೊಸದನ್ನು ಕೊಳ್ಳುವ ಮೊದಲು ಔಷಧಿಯ ಕಪಾಟನ್ನು ನೋಡಬೇಕು. ಸಕ್ಕರೆ ಕಾಯಿಲೆಯವರು ಇರುವ ಮನೆಯಲ್ಲಿ ಗ್ಲೂಕೋಮೀಟರ್ ಪಟ್ಟಿಗಳ ಖಾಲಿ ಶೀಸೆಗಳು ಸಿಗುತ್ತವೆ. ಪರೀಕ್ಷಾ ಪಟ್ಟಿಗಳು ತೇವ ತಗುಲಿದರೆ ಕೆಡುವುದರಿಂದ ಆ ಶೀಸೆಗಳ ಮುಚ್ಚಳವನ್ನು ಗಾಳಿಯಾಡದಂತೆ ಮಾಡಿರುತ್ತಾರೆ. ಹಲವು ಶೀಸೆಗಳಲ್ಲಿ ತೇವ ಹೀರುವ ಪದರ ಒಳಗೋಡೆಯಲ್ಲೇ ಇರುತ್ತದೆ. ನಮ್ಮ ಸಾಮಾನ್ಯ ಬೆಂಕಿಕಡ್ಡಿಗಳು ಅದರಲ್ಲಿ ನೆಟ್ಟಗೆ ನಿಲ್ಲುತ್ತವೆ. ಪೊಟ್ಟಣದ ಪಕ್ಕದ ಗೀರುವ ಪಟ್ಟಿಯನ್ನು ಕತ್ತರಿಸಿ ಜೊತೆಗೆ ಇಡಬೇಕು, ಆದರೆ ಕಡ್ಡಿಯ ತಲೆಗೆ ಅದು ತಾಗಬಾರದು: ಪಟ್ಟಿಯಲ್ಲಿ ಕೆಂಪು ರಂಜಕ, ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುವುದರಿಂದ ಅವೆರಡರ ತಿಕ್ಕಾಟವೇ ಬೆಂಕಿಗೆ ಕಾರಣ. ಪಟ್ಟಿಯನ್ನು ಮುಖ ಒಳಗಾಗಿ ಮಡಚಿ ಕಾಗದ ಸುತ್ತಿದರೆ ಸಾಕು. ನೀರಿನಲ್ಲಿ ಬುರುಬುರು ಕರಗುವ ವಿಟಮಿನ್ ಮಾತ್ರೆಗಳ ಉದ್ದನೆಯ ಕೊಳವೆಯೂ ಇಂಥದ್ದೇ, ಅದರ ಮುಚ್ಚಳದಲ್ಲೇ ತೇವ ಹೀರುವ ಹರಳುಗಳಿರುತ್ತವೆ. ಎರಡನ್ನೂ ಮೊದಲು ಬಕೆಟ್ಟಿನಲ್ಲಿ ಪರೀಕ್ಷಿಸಿಯೇ ನಂಬಬೇಕು.

ಹಿಂದೆ ಕ್ಯಾಮರಾ ರೀಲು ಬರುತ್ತಿದ್ದ ಕಪ್ಪು ಡಬ್ಬಿಗಳು ಈಗ ಅಪರೂಪ. ಹಳೆಯ ಸ್ಟುಡಿಯೋಗಳಲ್ಲಿ ಸಿಕ್ಕರೆ ಮಳೆಗೆ ಅವು ಸಾಕು, ಮುಳುಗಡೆಗೆ ಸಾಲವು. ಸುಣ್ಣದ ಡಬ್ಬಿ, ನಶ್ಯದ ಡಬ್ಬಿಗಳು ಜೇಬಿಗೆಂದೇ ಹುಟ್ಟಿದವು, ಆದರೆ ತೀರ ಚಿಕ್ಕವು. ಸೂಜಿ ದಾರಕ್ಕೆ ಮಾತ್ರ ಆದಾವು. ಸೋಪಿನ ಡಬ್ಬಿಯ ತಳದಲ್ಲಿ ಹೆಚ್ಚಾಗಿ ನೀರು ಬಸಿಯುವ ತೂತುಗಳೇ ಇರುತ್ತವೆ. ಪಾತ್ರೆ ಅಂಗಡಿಯ ದುಂಡನೆಯ ಸ್ಟೀಲ್ ಡಬ್ಬಿಗಳಲ್ಲಿ ಸಿಲಿಕೋನ್ ವಾಷರ್ ಇರುವ, ಮುಚ್ಚಳಕ್ಕೆ ಕೊಂಡಿಗಳಿರುವ ಚಿಕ್ಕ ಅಳತೆಯವು ಗಟ್ಟಿಮುಟ್ಟಾಗಿವೆ, ಬೆಂಕಿಗೂ ಬರುತ್ತವೆ. ದುಂಡಾಗಿರುವುದರಿಂದ ಜೇಬಿನಲ್ಲಿ ಕೂರುವುದಿಲ್ಲ ಎಂಬುದೊಂದೇ ಕೊರತೆ, ಸೊಂಟದ ಚೀಲವಿದ್ದವರಿಗೆ ಅದೂ ಇಲ್ಲ.

ಎಲೆಯಡಿಕೆ ಹಾಕುವ ಹಿರಿಯರ ಸೊಂಟದಲ್ಲಿ ಇರುತ್ತಿದ್ದ ಚಂಚಿಯನ್ನು ಇಲ್ಲಿ ನೆನೆಯಬೇಕು. ಎಲೆಗೊಂದು, ಅಡಿಕೆಗೊಂದು, ಹೊಗೆಸೊಪ್ಪಿಗೊಂದು ಎಂದು ಬೇರೆ ಬೇರೆ ಅರೆಗಳನ್ನು ಹೊಲಿದ ಆ ಬಟ್ಟೆಯ ಚೀಲದಲ್ಲಿ ಕತ್ತಲಲ್ಲೂ ಕೈ ತಪ್ಪುತ್ತಿರಲಿಲ್ಲ. ಒಂದೇ ಡಬ್ಬಿಯಲ್ಲಿ ಎಲ್ಲವನ್ನೂ ತುರುಕುವ ಬದಲು ಎರಡು ಮೂರು ಚಿಕ್ಕ ಶೀಸೆಗಳನ್ನು ಅಂಥ ಅರೆಗಳಲ್ಲಿ ಹಂಚಿಡುವುದು ನನಗೆ ಬಹಳ ಇಷ್ಟವಾದ ಏರ್ಪಾಟು. ಒಂದಕ್ಕೆ ನೀರು ಹೊಕ್ಕರೂ ಉಳಿದವು ಒಣಗಿರುತ್ತವೆ.

ಕರ್ಪೂರವನ್ನು ಯಾವುದರಲ್ಲಿ ಇಡಬೇಕು?

ಬೆಂಕಿ ಹಿಡಿಸಲು ಕರ್ಪೂರದಷ್ಟು ಸುಲಭವಾಗಿ ಸಿಗುವ ವಸ್ತು ನಮ್ಮಲ್ಲಿ ಇನ್ನೊಂದಿಲ್ಲ. ಅದು ಸಾಮಾನ್ಯ ಹವೆಯಲ್ಲೇ ನೇರವಾಗಿ ಆವಿಯಾಗುತ್ತದೆ, ತೆಳು ಪಾಲಿಥೀನ್ ಆ ಆವಿಯನ್ನು ಪೂರ್ತಿ ತಡೆಯುವುದಿಲ್ಲ. ಕೆಲವು ತಿಂಗಳ ನಂತರ ತೆರೆದರೆ ಬಿಲ್ಲೆ ಸವೆದು ಚಿಕ್ಕದಾಗಿರುತ್ತದೆ ಮತ್ತು ಜೊತೆಗಿದ್ದ ಎಲ್ಲಕ್ಕೂ ಅದರ ವಾಸನೆ ಅಂಟಿರುತ್ತದೆ. ಹೊಟ್ಟೆಗೆ ಹೋದರೆ ಕರ್ಪೂರ ವಿಷ, ಆದ್ದರಿಂದ ಮಾತ್ರೆ ಮತ್ತು ಓಆರ್‌ಎಸ್ ಇರುವ ಡಬ್ಬಿಯಲ್ಲಿ ಅದು ಇರಲೇಬಾರದು. ಕೀಲಿಗೊಂಚಲಿಗೆ ಹಾಕುವ, ತಿರುಪಿನ ಮುಚ್ಚಳ ಮತ್ತು ರಬ್ಬರ್ ಉಂಗುರವಿರುವ ಅಲ್ಯೂಮಿನಿಯಮ್ ಮಾತ್ರೆಗೂಡು ಇದಕ್ಕೆ ಹೇಳಿ ಮಾಡಿಸಿದಂತಿದೆ.

ಕ್ಲೋರಿನ್ ಮಾತ್ರೆಗಳ ಸ್ವಭಾವ ಇನ್ನೊಂದು ಬಗೆಯದು. ಅವುಗಳ ಆವಿ ಲೋಹವನ್ನು ತಿನ್ನುತ್ತದೆ, ಸೂಜಿ ಪಿನ್ನುಗಳನ್ನೂ ಬಿಡುವುದಿಲ್ಲ. ಕಂಪನಿಯವರು ಕೊಟ್ಟ ಪಟ್ಟಿಯಿಂದ ಬಿಡಿಸದೆ, ಪಟ್ಟಿಯನ್ನು ಮಾತ್ರೆಗಳ ನಡುವೆ ಕತ್ತರಿಸಿ ಹಾಗೆಯೇ ಇಡಬೇಕು. ಗಾಯ ತೊಳೆಯಲೆಂದು ಪೊಟ್ಯಾಸಿಯಂ ಪರ್ಮಾಂಗನೇಟ್ ಇಟ್ಟುಕೊಳ್ಳುವವರು ಅದು ಗ್ಲಿಸರಿನ್ ತಾಗಿದರೆ ತಾನೇ ಹೊತ್ತಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು. ನಾನಂತೂ ಅದನ್ನು ಸಾಮಾನಿನ ಪಟ್ಟಿಯಿಂದಲೇ ಬಿಡುತ್ತೇನೆ.

ಸ್ಟೀಲ್ ಡಬ್ಬಿಯಲ್ಲಿ ದಿಕ್ಸೂಚಿ ಇಡಬಹುದೇ?

ಇಡಬಹುದು, ಆದರೆ ಓದುವಾಗ ಡಬ್ಬಿಯಿಂದ ಹೊರತೆಗೆದು ಕೈಯಳತೆ ದೂರಕ್ಕೆ ತರಬೇಕು. ತವರ ಲೇಪಿಸಿದ ಉಕ್ಕು ಸೂಜಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಬ್ಲೇಡು ಮತ್ತು ಮೊಬೈಲ್ ಸಹ ಹಾಗೆಯೇ. ಅಲ್ಯೂಮಿನಿಯಮ್, ಪ್ಲಾಸ್ಟಿಕ್‌ಗಳಿಂದ ತೊಂದರೆ ಇಲ್ಲ. ಲೋಹದ ಡಬ್ಬಿಯಲ್ಲಿ ಗುಂಡಿ ಬ್ಯಾಟರಿ ಇಡುವಾಗ ಎರಡು ಬದಿಗೂ ಟೇಪು ಅಂಟಿಸಬೇಕು, ಇಲ್ಲವಾದರೆ ತಗಡಿನ ಮೂಲಕ ಅದು ಖಾಲಿಯಾಗುತ್ತದೆ.

ತಿರುಪಿನ ಮುಚ್ಚಳ ಒಳ್ಳೆಯದೇ, ಕೊಂಡಿಯದು ಒಳ್ಳೆಯದೇ?

ನೀರು ತಡೆಯುವುದರಲ್ಲಿ ತಿರುಪು ಮುಂದು. ಆದರೆ ಅದಕ್ಕೆ ಎರಡು ಕೈ ಬೇಕು. ಜಾರಿ ಬಿದ್ದು ಒಂದು ಕೈ ಮುರಿದವರಿಗೆ, ಚಳಿಗೆ ಬೆರಳು ಮರಗಟ್ಟಿದವರಿಗೆ ನುಣುಪಾದ ತಿರುಪು ಮುಚ್ಚಳ ತೆರೆಯುವುದು ಸುಲಭವಲ್ಲ. ಕೊಳ್ಳುವ ಮೊದಲು ಕೈಗೆ ಸೋಪಿನ ನೀರು ಹಚ್ಚಿಕೊಂಡು, ಎಡಗೈಯೊಂದರಿಂದಲೇ, ಕಣ್ಣು ಮುಚ್ಚಿ ತೆರೆದು ನೋಡುವ ಅವಕಾಶ ಅಂಗಡಿಯಲ್ಲಿ ಸಿಗಲಾರದು, ಮನೆಗೆ ತಂದ ದಿನವೇ ಇದನ್ನು ಮಾಡಬೇಕು. ಉದ್ದ ನಾಲಿಗೆಯ ಕೊಂಡಿ ಇರುವ ಚಪ್ಪಟೆ ಪೆಟ್ಟಿಗೆಗಳು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ, ಆದರೆ ಅದೇ ಕೊಂಡಿ ಪೊದೆಗೆ ಸಿಕ್ಕಿ ತಾನಾಗಿ ತೆರೆಯಬಾರದೆಂದರೆ ಮೇಲೊಂದು ಟ್ಯೂಬ್ ಪಟ್ಟಿ ಬೇಕು. ತಿರುಪು ಮುಚ್ಚಳದ ಸುತ್ತಲೂ ಅಂಥದ್ದೇ ಪಟ್ಟಿ ಹಾಕಿದರೆ ಹಿಡಿತ ಬರುತ್ತದೆ. ಮುಚ್ಚಳವನ್ನು ಡಬ್ಬಿಗೆ ದಾರದಿಂದ ಕಟ್ಟಿರಬೇಕು. ಕತ್ತಲಲ್ಲಿ ಉರುಳಿದ ಮುಚ್ಚಳ ದರಗೆಲೆಗಳ ನಡುವೆ ಸಿಗುವುದಿಲ್ಲ.

ಬೆಟ್ಟದ ಮೇಲೆ ತೆರೆದು ಮುಚ್ಚಿದ ಡಬ್ಬಿ ಕೆಳಗೆ ಬಂದ ಮೇಲೆ ತೆರೆಯಲು ಬರುವುದಿಲ್ಲ, ಏಕೆ?

ಮುಳ್ಳಯ್ಯನಗಿರಿಯ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ. ಅಲ್ಲಿ ಮುಚ್ಚಿದ, ಗಾಳಿಯಾಡದ ಡಬ್ಬಿಯನ್ನು ಮಂಗಳೂರಿಗೆ ತಂದರೆ ಹೊರಗಿನ ಗಾಳಿ ಮುಚ್ಚಳದ ಪ್ರತಿ ಚದರ ಸೆಂಟಿಮೀಟರಿಗೆ ಇನ್ನೂರು ಗ್ರಾಂ ತೂಕ ಹೇರಿದಂತೆ ಒತ್ತುತ್ತದೆ. ಮುಚ್ಚಳ ಅರವತ್ತು ಚದರ ಸೆಂಟಿಮೀಟರ್ ಇದ್ದರೆ ಹನ್ನೆರಡು ಕಿಲೋ ಆಯಿತು. ಡಬ್ಬಿಯನ್ನು ತುಸು ಹೊತ್ತು ಬಿಸಿನೀರಿನಲ್ಲಿ ಇಟ್ಟರೆ, ಅಥವಾ ವಾಷರಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿದರೆ ಗಾಳಿ ಒಳಹೊಕ್ಕು ಸಡಿಲಾಗುತ್ತದೆ. ಚಾಕುವಿನಿಂದ ಮೀಟಿದರೆ ವಾಷರ್ ಹರಿಯುತ್ತದೆ.

ಯಾವ ಬಣ್ಣ?

ಕಿತ್ತಳೆ ಅಥವಾ ಕಡು ಹಳದಿ. ಸೈನ್ಯದ ಹಸಿರು ಡಬ್ಬಿ ನೋಡಲು ಗತ್ತಾಗಿದೆ, ಕೈಜಾರಿದರೆ ಕಾಡು ಅದನ್ನು ಮರಳಿ ಕೊಡುವುದಿಲ್ಲ. ಪಾರದರ್ಶಕ ಡಬ್ಬಿಯಾದರೆ ಹೊರಗೆ ಬಣ್ಣದ ಟೇಪು ಸುತ್ತಬಹುದು. ತೆರೆಯದೆಯೇ ಒಳಗೆ ತೇವ ಕಾಣುವುದು ಅದರ ಲಾಭ.

ಜೇಬೇ ಇಲ್ಲದ ಉಡುಪಿನವರು ಏನು ಮಾಡಬೇಕು?

ಮಹಿಳೆಯರ ಕುರ್ತಾ, ಲೆಗ್ಗಿಂಗ್ಸ್‌ಗಳಲ್ಲಿ ಜೇಬು ಇಲ್ಲದಿರುವುದು ಅಥವಾ ಹೆಸರಿಗಷ್ಟೇ ಇರುವುದು ಹೊಲಿಯುವವರ ತಪ್ಪೇ ಹೊರತು ಉಡುವವರದಲ್ಲ. ಓಟಗಾರರು ಕಟ್ಟುವ ತೆಳು ಸೊಂಟಪಟ್ಟಿಯಲ್ಲಿ ಮೊಬೈಲಿನ ಪಕ್ಕಕ್ಕೆ ಚಪ್ಪಟೆ ಡಬ್ಬಿ ಹಿಡಿಯುತ್ತದೆ. ಕೊರಳಿಗೆ ನೇತುಹಾಕುವ ಕೊಳವೆಯೂ ಆದೀತು, ಆದರೆ ಅದರ ದಾರ ಜೋರಾಗಿ ಎಳೆದರೆ ಬಿಚ್ಚಿಕೊಳ್ಳುವಂಥದ್ದಾಗಿರಬೇಕು. ಕೊಂಬೆಗೆ ಸಿಕ್ಕಿದ ಗಟ್ಟಿ ದಾರ ಕುತ್ತಿಗೆಗೆ ಉರುಳು. ಜೇಬಿರುವವರು ಝಿಪ್ ಅಥವಾ ಗುಂಡಿ ಇರುವ ಜೇಬನ್ನೇ ಬಳಸಬೇಕು, ಹಿಂಬದಿಯ ಜೇಬನ್ನು ಬಿಡಬೇಕು. ವಿಷಲ್ ಮಾತ್ರ ಡಬ್ಬಿಯೊಳಗೆ ಇರಕೂಡದು. ಬಿದ್ದೆಡೆಯಿಂದಲೇ ಮೂರು ಮೂರು ಬಾರಿ ಊದಿ ಕರೆಯಬೇಕಾದ ವಸ್ತು ಅದು, ಹೊರಗೇ ಕೈಗೆ ಸಿಗುವಂತಿರಬೇಕು.

ಅರಣ್ಯ ಇಲಾಖೆಯ ತಪಾಸಣೆಯಲ್ಲಿ, ವಿಮಾನ ನಿಲ್ದಾಣದಲ್ಲಿ ತೊಂದರೆಯಾಗುವುದೇ?

ಕಾಯ್ದಿಟ್ಟ ಅರಣ್ಯ ಮತ್ತು ವನ್ಯಜೀವಿ ಧಾಮಗಳಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಳ ಹಿಡಿತಕ್ಕೆ ಬರುವ ಸಂಗತಿ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ. ಕಾವಲಿನವರು ಬೆಂಕಿಪೊಟ್ಟಣ, ಲೈಟರುಗಳನ್ನು ಗೇಟಿನಲ್ಲೇ ಇಟ್ಟು ಹೋಗಿ ಎಂದರೆ ವಾದಿಸದೆ ಒಪ್ಪಬೇಕು. ಬೆಂಕಿಯ ಸಾಮಗ್ರಿ ಪ್ರತ್ಯೇಕ ಶೀಸೆಯಲ್ಲಿದ್ದರೆ ಅದನ್ನಷ್ಟೇ ತೆಗೆದುಕೊಟ್ಟು ಉಳಿದದ್ದನ್ನು ಒಯ್ಯಬಹುದು. ಬೇಸಿಗೆಯ ಒಣ ಹುಲ್ಲುಗಾವಲಿನಲ್ಲಿ ಅದು ಇಲ್ಲದಿರುವುದೇ ಲೇಸು. ಪಾರದರ್ಶಕ ಡಬ್ಬಿಯಾದರೆ ತಪಾಸಣೆಯೂ ಬೇಗ ಮುಗಿಯುತ್ತದೆ. ವಿಮಾನದ ಮಟ್ಟಿಗೆ ತುರ್ತು ಕರೆಯ 108 ಮತ್ತು 112 ಸಂಖ್ಯೆಗಳನ್ನು ಬರೆದ ಚೀಟಿ, ದಾರ, ಗಾಯದ ಪಟ್ಟಿ ಉಳಿಸಿಕೊಂಡು, ಬ್ಲೇಡು ಮತ್ತು ಬೆಂಕಿಯ ಸಾಮಗ್ರಿಗಳನ್ನು ಮನೆಯಲ್ಲೇ ಬಿಟ್ಟು ಹೋದ ಊರಿನಲ್ಲಿ ಮತ್ತೆ ಕೊಳ್ಳುವುದು ಸರಳ.

ತುಂಬಿದ ಡಬ್ಬಿಯನ್ನು ಎಷ್ಟು ದಿನಕ್ಕೊಮ್ಮೆ ತೆರೆದು ನೋಡಬೇಕು?

ವರ್ಷಕ್ಕೆ ಎರಡು ಬಾರಿ ಸಾಕು: ಮಳೆಗಾಲಕ್ಕೆ ಮುನ್ನ ಮೇ ತಿಂಗಳಿನಲ್ಲಿ, ಮಳೆ ನಿಂತ ಮೇಲೆ ನವೆಂಬರಿನಲ್ಲಿ. ಮಾತ್ರೆಗಳ ಅವಧಿ ನೋಡಬೇಕು, ದೀಪ ಹತ್ತಿಸಿ ನೋಡಬೇಕು, ಒಂದು ಬೆಂಕಿಕಡ್ಡಿ ಗೀರಿ ನೋಡಬೇಕು. ವಾಷರನ್ನು ಬೆರಳಿನಿಂದ ಹಿಗ್ಗಿಸಿ ಬಿರುಕು ಹುಡುಕಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಕೂರಿಸಬೇಕು. ಕಪ್ಪು ನೈಟ್ರೈಲ್ ರಬ್ಬರಿನ ಉಂಗುರಕ್ಕೆ ಸಿಲಿಕೋನ್ ಗ್ರೀಸಿನ ತೆಳು ಸವರಿಕೆ ಒಳ್ಳೆಯದು. ವ್ಯಾಸಲೀನ್ ಹಚ್ಚಿದ ಹತ್ತಿಯನ್ನು ಬೆಂಕಿಗೆಂದು ಇಟ್ಟುಕೊಳ್ಳುವವರು ಅದು ವಾಷರಿಗೆ ತಾಗದಂತೆ ಬೇರೆ ಕವರಿನಲ್ಲಿ ಕಟ್ಟಬೇಕು, ಏಕೆಂದರೆ ಪೆಟ್ರೋಲಿಯಂ ಜೆಲ್ಲಿ ನೈಸರ್ಗಿಕ ರಬ್ಬರನ್ನು ಕ್ರಮೇಣ ಉಬ್ಬಿಸಿ ಮೆತ್ತಗಾಗಿಸುತ್ತದೆ. ತೆರೆದು ನೋಡಿದ ತಾರೀಕನ್ನೂ ಒಳಗಿರುವ ವಸ್ತುಗಳ ಹೆಸರನ್ನೂ ಅಳಿಸದ ಶಾಯಿಯಲ್ಲಿ ಮುಚ್ಚಳದ ಒಳಮೈಗೆ ಬರೆದಿಟ್ಟರೆ, ಡಬ್ಬಿಯನ್ನು ಎರವಲು ಒಯ್ದ ಗೆಳೆಯರಿಗೂ ಉಪಯೋಗವಾಗುತ್ತದೆ.